ಕ್ಲಾಸಿಕ್ 350 ಮುಂದಿನ ಬ್ರೇಕ್ ಪ್ಯಾಡ್: ಕಂಪನಿದೇ ಹಾಕಿಸಲಾ, ಸಿಂಟರ್ಡ್ ಹಾಕಿಸಲಾ?

ಮಳೆಗಾಡಿನ ಸವಾರ
2022ರ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಬೈಕ್. ಮುಂದಿನ ಪ್ಯಾಡ್ ಮುಗೀತಾ ಬಂದಿದೆ, ನಡುವಿನ ಗೀರು ಹೆಚ್ಚುಕಡಿಮೆ ಅಳಿಸಿಹೋಗಿದೆ. ಕೊಟ್ಟಿಗೆಹಾರದಿಂದ ಉಜಿರೆಗೆ ಚಾರ್ಮಾಡಿ ಇಳಿಯೋದು ನನಗೆ ಮಾಮೂಲು. ಜೋರು ಮಳೆಯಲ್ಲಿ ಲಿವರ್ ಒತ್ತಿದರೆ ಒಂದು ಕ್ಷಣ ಏನೂ ಹಿಡಿಯೋದಿಲ್ಲ, ಆಮೇಲೆ ಗಪ್ ಅಂತ ಹಿಡಿಯುತ್ತದೆ. ಎದುರಿಗೆ ಲಾರಿ ಇದ್ದಾಗ ಆ ಒಂದು ಕ್ಷಣ ಇದೆಯಲ್ಲ, ಜೀವ ಬಾಯಿಗೆ ಬರುತ್ತದೆ. ಅಂಗಡಿಯವನು ಮೂರು ಥರ ತೋರಿಸಿದ: ಕಂಪನಿದು, ಹೆಸರೇ ಕೇಳಿರದ ಒಂದು ಅಗ್ಗದ್ದು, ಆಮೇಲೆ ಸಿಂಟರ್ಡ್. ಸಿಂಟರ್ಡ್ ಹಾಕಿದರೆ ಡಿಸ್ಕನ್ನೇ ತಿಂದುಹಾಕುತ್ತದೆ ಅಂತಾರೆ ಕೆಲವರು. ನಿಜವಾ?

ಹಳೇ ಸ್ಪ್ಯಾನರ್
ನಿಮ್ಮ ರಸ್ತೆಗೆ ಸಿಂಟರ್ಡೇ ಸರಿ. ಆರ್ಗ್ಯಾನಿಕ್ ಪ್ಯಾಡ್ ಅಂದರೆ ನಾರು, ರಾಳ ಎಲ್ಲ ಸೇರಿಸಿ ಅಂಟಿಸಿದ್ದು. ಮೆತ್ತಗೆ ಹಿಡಿಯುತ್ತದೆ, ಸದ್ದು ಕಡಿಮೆ, ಆದರೆ ನೀರು ಬಿದ್ದಾಗ ಸ್ವಲ್ಪ ಮಂಕು. ಸಿಂಟರ್ಡ್ ಅಂದರೆ ತಾಮ್ರದಂಥ ಲೋಹದ ಪುಡಿಯನ್ನು ಬಿಸಿ ಮಾಡಿ ಒತ್ತಿ ಗಟ್ಟಿ ಮಾಡಿದ್ದು. ಒದ್ದೆಯಲ್ಲೂ ಬೇಗ ಹಿಡಿಯುತ್ತದೆ, ಉದ್ದ ಇಳಿಜಾರಲ್ಲಿ ಬಿಸಿಯಾದರೂ ಅಷ್ಟು ಸುಲಭಕ್ಕೆ ಸೋಲೋದಿಲ್ಲ. ಡಿಸ್ಕ್ ಸ್ವಲ್ಪ ಜಾಸ್ತಿ ಸವೆಯೋದು ನಿಜ, ಆದರೆ ತಿಂದುಹಾಕುತ್ತದೆ ಅನ್ನೋದು ಅತಿ ಆಯ್ತು. ಡಿಸ್ಕ್ ಮೇಲೆ ಕನಿಷ್ಠ ದಪ್ಪ ಎಷ್ಟಿರಬೇಕು ಅಂತ ಕೆತ್ತಿರುತ್ತಾರೆ. ಮೈಕ್ರೋಮೀಟರ್ ಇರೋ ಗ್ಯಾರೇಜಲ್ಲಿ ಒಮ್ಮೆ ಅಳೆಸಿ, ಅದಕ್ಕಿಂತ ತೆಳ್ಳಗಾಗಿದ್ದರೆ ಯಾವ ಪ್ಯಾಡ್ ಹಾಕಿದರೂ ದಂಡ.

ಇನ್ನೊಂದು. ಒಳ್ಳೆ ಪ್ಯಾಡಿನ ಹಿಂಬದಿಯಲ್ಲೋ ಅಂಚಲ್ಲೋ ಎಫ್‌ಎಫ್, ಜಿಜಿ, ಎಚ್‌ಎಚ್ ಅಂತ ಎರಡಕ್ಷರ ಇರುತ್ತವೆ. ಮೊದಲನೆಯದು ತಣ್ಣಗಿದ್ದಾಗಿನ ಹಿಡಿತ, ಎರಡನೆಯದು ಬಿಸಿಯಾದಾಗಿನದು. ಎಫ್‌ಗಿಂತ ಜಿ ಜೋರು, ಜಿಗಿಂತ ಎಚ್ ಜೋರು. ಆ ಅಗ್ಗದ್ದರ ಮೇಲೆ ಇಂಥದ್ದೇನೂ ಇಲ್ಲದಿದ್ದರೆ ವಾಪಸ್ ಕೊಟ್ಟು ಬನ್ನಿ.

ಸಿಗ್ನಲ್‌ನಲ್ಲಿ ಸಿಕ್ಕಿಕೊಂಡವನು
ಸ್ಪ್ಯಾನರ್ ಅಣ್ಣ ಹೇಳಿದ್ದು ಘಾಟಿಗೆ ಸರಿ. ಎಲ್ಲರೂ ಓದಿ ಸಿಂಟರ್ಡ್ ಹಿಂದೆ ಓಡಬೇಡಿ ಅಷ್ಟೇ. ಬೆಂಗಳೂರಲ್ಲಿ ಸಿಲ್ಕ್ ಬೋರ್ಡ್ ಕಡೆ ಓಡಾಡೋರಿಗೆ ಅದು ಸುಮ್ನೆ ಖರ್ಚು, ಅಲ್ಲಿ ಬ್ರೇಕ್ ಸರಿಯಾಗಿ ಬಿಸಿಯಾಗೋ ಅಷ್ಟು ಸ್ಪೀಡೇ ಸಿಗೋದಿಲ್ಲ. ಕಂಪನಿ ಪ್ಯಾಡೇ ಸಾಕು. ರೇಸ್ ಪ್ಯಾಡ್ ಅಂತ ಯಾರಾದರೂ ಆಸೆ ತೋರಿಸಿದರೆ ಹತ್ತಿರಾನೂ ಹೋಗಬೇಡಿ, ಅದರಲ್ಲಿ ಎಷ್ಟೋ ಪ್ಯಾಡ್ ಚೆನ್ನಾಗಿ ಕಾದ ಮೇಲೇನೇ ಹಿಡಿಯೋದು.

ಗ್ರೀಸ್ ಕೈ
ಪ್ಯಾಡ್ ಕೊಳ್ಳೋ ಮೊದಲು ಹಳೇದನ್ನು ಬಿಚ್ಚಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಗ್ಯಾರೇಜಲ್ಲಿ ಎಲ್ಲರೂ ಪ್ಯಾಡ್ ಬದಲಿಸುತ್ತಾರೆ, ಇದನ್ನು ನೋಡೋರು ಕಡಿಮೆ. ಪ್ಯಾಡ್‌ಗಳನ್ನು ಹಿಡಿದು ಡಿಸ್ಕಿಗೆ ಒತ್ತೋ ಭಾಗಕ್ಕೆ ಕ್ಯಾಲಿಪರ್ ಅಂತಾರೆ. ನಿಮ್ಮ ಗಾಡಿಯದ್ದು ತೇಲುವ ಕ್ಯಾಲಿಪರ್, ಎರಡು ಪಿಸ್ಟನ್ನೂ ಒಂದೇ ಬದಿಗೆ. ಪಿಸ್ಟನ್ ಒಂದು ಪ್ಯಾಡನ್ನು ಒತ್ತುತ್ತದೆ, ಕ್ಯಾಲಿಪರ್ ಪಿನ್ ಮೇಲೆ ಜಾರಿ ಇನ್ನೊಂದನ್ನು ಎಳೆದುಕೊಂಡು ಬರುತ್ತದೆ. ಮಳೆ ಕೆಸರಲ್ಲಿ ಆ ಪಿನ್ ಬಿಗಿದುಕೊಂಡರೆ ಪಿಸ್ಟನ್ ಕಡೆಯ ಪ್ಯಾಡ್ ಬೇಗ ಸವೆಯುತ್ತದೆ, ಇನ್ನೊಂದು ಹೊಸದರ ಹಾಗೇ ಇರುತ್ತದೆ. ಹಾಗಿದ್ದರೆ ಎಚ್‌ಎಚ್ ಹಾಕಿದರೂ ಅರ್ಧ ಬ್ರೇಕೇ.

ಬ್ರೇಕ್ ಆಯಿಲನ್ನೂ ಮರೀಬೇಡಿ. ಮುಚ್ಚಳದ ಮೇಲೆ ಡಾಟ್ 4 ಅಂತ ಬರೆದಿರುತ್ತದೆ, ಅದು ಆಯಿಲಿನ ದರ್ಜೆ. ಹೊಸದು ಕುದಿಯೋಕೆ ಕಡಿಮೆ ಅಂದರೂ 230 ಡಿಗ್ರಿ ಬೇಕು, ಆದರೆ ಅದು ಗಾಳಿಯ ತೇವ ಹೀರುತ್ತದೆ, ತೇವ ಸೇರಿದರೆ 155 ಡಿಗ್ರಿಗೇ ಕುದಿಯಬಹುದು. ಉದ್ದ ಇಳಿಜಾರಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿದರೆ ಒಳಗೆ ಗುಳ್ಳೆ ಎದ್ದು ಲಿವರ್ ಹ್ಯಾಂಡಲ್‌ಗೆ ಬಂದು ಮುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಘಾಟಿಯನ್ನು ಎರಡನೇ ಮೂರನೇ ಗೇರಲ್ಲಿ ಇಳಿಸಿ.

ಹೊಸ ಪ್ಯಾಡ್ ಕೂರಿಸೋಕೆ ಪಿಸ್ಟನ್ ಹಿಂದಕ್ಕೆ ತಳ್ಳುವಾಗ ಮೇಲಿನ ಡಬ್ಬಿಯಿಂದ ಆಯಿಲ್ ಉಕ್ಕಬಹುದು. ಟ್ಯಾಂಕ್ ಮೇಲೆ ಬಿದ್ದರೆ ಬಣ್ಣ ಹೋಯ್ತು ಅಂತಲೇ ಲೆಕ್ಕ. ಕೆಲಸ ಮುಗಿದ ಮೇಲೆ ಲಿವರ್ ಗಟ್ಟಿಯಾಗೋ ತನಕ ಪಂಪ್ ಮಾಡದೆ ಗಾಡಿ ಕದಲಿಸಬೇಡಿ.

ಮಳೆಗಾಡಿನ ಸವಾರ
ಬಿಚ್ಚಿ ನೋಡಿದೆ. ನೀವು ಹೇಳಿದ್ದೇ ಕಥೆ, ಒಂದು ಪ್ಯಾಡ್ ತಗಡಿಗೆ ಬಂದಿದೆ, ಇನ್ನೊಂದು ಅರ್ಧಕ್ಕಿಂತ ಜಾಸ್ತಿ ಇದೆ. ಒಂದು ಪಿನ್ ಕೈಯಲ್ಲಿ ಅಲ್ಲಾಡೋದೇ ಇಲ್ಲ. ಮಾಮೂಲಿ ಬೇರಿಂಗ್ ಗ್ರೀಸ್ ಹಚ್ಚಲಾ?

ಗ್ರೀಸ್ ಕೈ
ಬೇಡ ಬೇಡ. ಅದಕ್ಕೆ ಪಿನ್ನಿನ ರಬ್ಬರ್ ಬೂಟ್ ಊದಿಕೊಂಡು ಮತ್ತೆ ಬಿಗಿಯುತ್ತದೆ. ಬ್ರೇಕಿಗೆ ಅಂತಲೇ ಬರೋ ಸಿಲಿಕೋನ್ ಗ್ರೀಸ್ ತಗೊಳ್ಳಿ. ಪಿನ್ ತುಕ್ಕು ತಿಂದು ಗುಳಿ ಬಿದ್ದಿದ್ದರೆ ಅದನ್ನೂ ಬದಲಿಸಿ, ಉಜ್ಜಿ ಹಾಕಬೇಡಿ.

ಹಳೇ ಸ್ಪ್ಯಾನರ್
ಹಾಗಾದರೆ ನಾನು ಹೇಳಿದ್ದರ ಮುಂಚೆ ಇದು. ಪಿನ್ ಸರಿ ಮಾಡಿ ಸಿಂಟರ್ಡ್ ಹಾಕಿ. ಹಾಕಿದ ದಿನವೇ ಘಾಟಿಗೆ ಇಳಿಸಬೇಡಿ. ಖಾಲಿ ರಸ್ತೆಯಲ್ಲಿ ಸ್ಪೀಡನ್ನು 50ರಿಂದ 10ಕ್ಕೆ ಹದವಾಗಿ ಒತ್ತಿ ಇಳಿಸಿ, ಪೂರ್ತಿ ನಿಲ್ಲಿಸದೆ, ಮಧ್ಯ ಮಧ್ಯ ಆರಲು ಬಿಟ್ಟು ಹತ್ತಿಪ್ಪತ್ತು ಸಲ. ಡಿಸ್ಕ್ ಮೇಲೆ ಒಂದೇ ಸಮ ಬೂದು ಬಣ್ಣ ಕೂತ ಮೇಲೆ ಚಾರ್ಮಾಡಿ ಕಡೆ ಹೊರಡಿ.