ಸ್ಟ್ಯಾಂಡ್‌ಬೈಯನ್ನು ಲಾಜಿಕಲ್ ರೆಪ್ಲಿಕಾ ಮಾಡುವ ಸಾಧನ: ಆಯ್ಕೆಗಳೂ ಪೂರ್ವ ಪರಿಶೀಲನೆಯೂ ಹೇಗಿರಬೇಕು?

ಪ್ರಶ್ನೆ: ಹೊಸಬೆಳಕು

ಎಲ್ಲರಿಗೂ ನಮಸ್ಕಾರ. ಪೋಸ್ಟ್‌ಗ್ರೆಸ್‌ನ ಫಿಸಿಕಲ್ ಸ್ಟ್ಯಾಂಡ್‌ಬೈ ಸರ್ವರನ್ನು (ಪ್ರೈಮರಿ ಎಂಬ ಮುಖ್ಯ ಸರ್ವರ್‌ನ ಯಥಾಪ್ರತಿಯನ್ನು) ಲಾಜಿಕಲ್ ರೆಪ್ಲಿಕಾ (ಟೇಬಲ್‌ಗಳ ಬದಲಾವಣೆಗಳನ್ನು ಪಡೆಯುತ್ತ ಸ್ವತಂತ್ರವಾಗಿ ನಡೆಯುವ ಪ್ರತಿ) ಆಗಿ ಮಾರ್ಪಡಿಸುವ ಕಮಾಂಡ್ ಲೈನ್ ಸಾಧನವೊಂದನ್ನು ನಮ್ಮ ತಂಡಕ್ಕಾಗಿ ಬರೆಯುತ್ತಿದ್ದೇನೆ. 2024ರಲ್ಲಿ ಬಂದ 17ನೇ ಆವೃತ್ತಿಯ ಜೊತೆಗಿರುವ ಪಿಜಿ ಕ್ರಿಯೇಟ್‌ಸಬ್‌ಸ್ಕ್ರೈಬರ್ ಇದೇ ಕೆಲಸ ಮಾಡುತ್ತದೆ. ಆದರೆ ಅದು ತನ್ನದೇ ಮುಖ್ಯ ಆವೃತ್ತಿಯ ಸರ್ವರ್‌ಗಳ ಮೇಲೆ ಮಾತ್ರ ನಡೆಯುವುದರಿಂದ, ಇನ್ನೂ 14ರಲ್ಲೇ ಇರುವ ನಮಗೆ ನೇರವಾಗಿ ಒದಗುವುದಿಲ್ಲ. ಅದರ ನಡೆಯನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದೇನೆ: ಪ್ರೈಮರಿಯಲ್ಲಿ ಪ್ರತಿ ಡೇಟಾಬೇಸಿಗೂ ಪಬ್ಲಿಕೇಶನ್ (ಯಾವ ಟೇಬಲ್‌ಗಳ ಬದಲಾವಣೆ ಕಳುಹಿಸಬೇಕೆಂಬ ಪಟ್ಟಿ) ಮತ್ತು ಸ್ಲಾಟ್ (ಪಡೆಯುವವರು ಎಲ್ಲಿಯವರೆಗೆ ಓದಿದ್ದಾರೆಂಬ ಗುರುತು) ರಚಿಸುವುದು, ಕೊನೆಯ ಸ್ಲಾಟ್ ಕೊಟ್ಟ ವಾಲ್ (ಬದಲಾವಣೆಗಳ ದಾಖಲೆ) ಸ್ಥಾನದವರೆಗೆ ಸ್ಟ್ಯಾಂಡ್‌ಬೈಯನ್ನು ತಂದು ಪ್ರಮೋಟ್ ಮಾಡುವುದು (ಸ್ವತಂತ್ರ ಸರ್ವರ್ ಆಗಿಸುವುದು), ಆಮೇಲೆ ಅದೇ ಸ್ಥಾನದಿಂದ ಸಬ್‌ಸ್ಕ್ರಿಪ್ಷನ್ (ಆ ಬದಲಾವಣೆಗಳನ್ನು ಪಡೆಯುವ ವ್ಯವಸ್ಥೆ) ಆರಂಭಿಸುವುದು. ನಮ್ಮಲ್ಲಿ 6 ಡೇಟಾಬೇಸ್‌ಗಳಿವೆ.

ನನ್ನ ಗೊಂದಲವಿರುವುದು ಅದರ ಸುತ್ತಲಿನ ಭಾಗದಲ್ಲಿ. ಡೇಟಾಬೇಸ್, ಪಬ್ಲಿಕೇಶನ್, ಸ್ಲಾಟ್, ಸಬ್‌ಸ್ಕ್ರಿಪ್ಷನ್ ಎಂಬ ನಾಲ್ಕು ಆಯ್ಕೆಗಳನ್ನೂ ಹಲವು ಬಾರಿ ಕೊಡುವಂತಿಟ್ಟು, ಕೊಟ್ಟ ಕ್ರಮದಲ್ಲೇ ಒಂದಕ್ಕೊಂದು ಹೊಂದಿಸಿಕೊಳ್ಳುವುದು ಸರಿಯೇ? ಸಂರಚನೆಯಲ್ಲಿ ಮೊದಲ ತಪ್ಪು ಸಿಕ್ಕ ಕೂಡಲೇ ಸಾಧನ ನಿಲ್ಲಬೇಕೇ, ಅಥವಾ ಎಲ್ಲ ತಪ್ಪುಗಳನ್ನೂ ಹುಡುಕಿ ಹೇಳಬೇಕೇ? ವಾಲ್ ಲೆವೆಲ್‌ನಂಥ (ವಾಲ್‌ನಲ್ಲಿ ಎಷ್ಟು ವಿವರ ಬರೆಯಬೇಕೆಂದು ಹೇಳುವ) ಸೆಟ್ಟಿಂಗ್ ತಪ್ಪಿದ್ದರೆ ಸಾಧನವೇ ಸರಿಪಡಿಸಿಬಿಡಬಹುದೇ?

ಉತ್ತರ 1: ಬಯಲುಸೀಮೆ

ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಏಕೆಂದರೆ ರಾತ್ರಿ ಪಾಳಿಯಲ್ಲಿ ಕೂತವರ ಕಷ್ಟ ನಿರ್ಧಾರವಾಗುವುದು ಅಲ್ಲಿಯೇ. ನೀವು ನೋಡಬೇಕಾದ ಸೆಟ್ಟಿಂಗ್‌ಗಳೆಂದರೆ ವಾಲ್ ಲೆವೆಲ್, ಸ್ಲಾಟ್‌ಗಳ ಮಿತಿ, ವಾಲ್ ಸೆಂಡರ್‌ಗಳ (ವಾಲ್ ಕಳುಹಿಸುವ ಪ್ರಕ್ರಿಯೆಗಳ) ಮಿತಿ, ಲಾಜಿಕಲ್ ರೆಪ್ಲಿಕೇಶನ್ ವರ್ಕರ್‌ಗಳ (ಬಂದ ಬದಲಾವಣೆಗಳನ್ನು ಅನ್ವಯಿಸುವ ಪ್ರಕ್ರಿಯೆಗಳ) ಮಿತಿ ಮತ್ತು ಒಟ್ಟು ವರ್ಕರ್ ಪ್ರಕ್ರಿಯೆಗಳ ಮಿತಿ. ಇವುಗಳಲ್ಲಿ ಯಾವುದನ್ನು ಬದಲಿಸಿದರೂ ಸರ್ವರನ್ನು ರೀಸ್ಟಾರ್ಟ್ ಮಾಡಲೇಬೇಕು. ಮೊದಲ ತಪ್ಪಿಗೇ ನಿಲ್ಲುವ ಸಾಧನವಾದರೆ, ವಾಲ್ ಲೆವೆಲ್‌ಗಾಗಿ ಒಮ್ಮೆ, ಸ್ಲಾಟ್‌ಗಳಿಗಾಗಿ ಮತ್ತೊಮ್ಮೆ, ಸೆಂಡರ್‌ಗಳಿಗಾಗಿ ಇನ್ನೊಮ್ಮೆ, ಹೀಗೆ ಪ್ರೈಮರಿಯನ್ನು ಮೂರು ಸಲ ನಿಲ್ಲಿಸಬೇಕಾಗುತ್ತದೆ. ಆದ್ದರಿಂದ ಎಲ್ಲವನ್ನೂ ಪರಿಶೀಲಿಸಿ, ಎರಡೂ ಸರ್ವರ್‌ಗಳ ಕೊರತೆಗಳನ್ನು ಒಟ್ಟಿಗೇ ಮುದ್ರಿಸಿ, ಆಮೇಲೆ ನಿರ್ಗಮಿಸಿ.

ಲೆಕ್ಕ ಹಾಕುವಾಗ ಮಿತಿಯನ್ನಷ್ಟೇ ನೋಡಿದರೆ ಸಾಲದು. ಸ್ಲಾಟ್‌ಗಳ ಡೀಫಾಲ್ಟ್ ಮಿತಿ 10. ನಿಮಗೆ ಬೇಕಾದದ್ದು 6. ಈಗಾಗಲೇ 5 ಸ್ಲಾಟ್‌ಗಳು ಬಳಕೆಯಲ್ಲಿದ್ದರೆ ಒಟ್ಟು 11 ಆಗಿ ಕೆಲಸ ಮಧ್ಯದಲ್ಲಿ ಕೆಡುತ್ತದೆ. ವಾಲ್ ಸೆಂಡರ್‌ಗಳಿಗೂ ಇದೇ ಲೆಕ್ಕ. ಸ್ಟ್ಯಾಂಡ್‌ಬೈ ಕಡೆಯಲ್ಲಿ ಲಾಜಿಕಲ್ ರೆಪ್ಲಿಕೇಶನ್ ವರ್ಕರ್‌ಗಳ ಡೀಫಾಲ್ಟ್ ಮಿತಿ 4 ಮಾತ್ರ, ಹಾಗಾಗಿ 6 ಡೇಟಾಬೇಸ್‌ಗಳಿಗೆ ಅದು ಖಂಡಿತ ಸಾಲದು. ಒಟ್ಟು ವರ್ಕರ್‌ಗಳ ಮಿತಿ 8 ಇರುವುದರಿಂದ, ನಿಮಗೆ ಬೇಕಾದ ಕನಿಷ್ಠ 7ಕ್ಕೆ (ಡೇಟಾಬೇಸಿಗೊಂದರಂತೆ 6, ಅವನ್ನು ಆರಂಭಿಸುವ ಪ್ರಕ್ರಿಯೆ 1) ಅದು ಹೇಗೋ ಸಾಲುತ್ತದೆ. ಸಂದೇಶದಲ್ಲಿ ಯಾವ ಸರ್ವರ್, ಈಗಿನ ಮೌಲ್ಯ ಎಷ್ಟು, ಬೇಕಾದದ್ದು ಎಷ್ಟು ಎಂಬ ಮೂರೂ ಇರಲಿ. ‘ಸಂರಚನೆ ಸರಿಯಿಲ್ಲ’ ಎಂದಷ್ಟೇ ಹೇಳಿದರೆ ಓದುವವರಿಗೆ ಯಾವ ಉಪಯೋಗವೂ ಇಲ್ಲ.

ಈ ಮೌಲ್ಯಗಳನ್ನು ಸಂರಚನಾ ಕಡತದಿಂದ ಓದಬೇಡಿ, ಚಾಲನೆಯಲ್ಲಿರುವ ಸರ್ವರನ್ನೇ ಕೇಳಿ. ಕಡತವನ್ನು ಯಾರೋ ತಿದ್ದಿ ರೀಸ್ಟಾರ್ಟ್ ಮಾಡದೆ ಬಿಟ್ಟಿರುವುದು ತೀರಾ ಸಾಮಾನ್ಯ. ಪಿಜಿ ಸೆಟ್ಟಿಂಗ್ಸ್ ನೋಟದಲ್ಲಿ ‘ಪೆಂಡಿಂಗ್ ರೀಸ್ಟಾರ್ಟ್’ ಎಂಬ ಕಾಲಂ ಇರುವುದು ಇದಕ್ಕಾಗಿಯೇ. ಅದನ್ನೂ ಓದಿದರೆ ‘ಬದಲಾವಣೆ ಆಗಿದೆ, ರೀಸ್ಟಾರ್ಟ್ ಬಾಕಿ ಇದೆ’ ಎಂದು ನಿಖರವಾಗಿ ಹೇಳಬಹುದು.

ಪ್ರೈಮರಿಯ ಸೆಟ್ಟಿಂಗನ್ನು ಸಾಧನ ತಾನಾಗಿ ಬದಲಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಸರ್ವರನ್ನು ಯಾವಾಗ ನಿಲ್ಲಿಸಬಹುದು ಎಂಬುದು ಅದನ್ನು ನಂಬಿಕೊಂಡವರ ತೀರ್ಮಾನ.

ಇನ್ನೊಂದು ಪರಿಶೀಲನೆಯನ್ನು ದಯವಿಟ್ಟು ಬಿಡಬೇಡಿ. ಎಲ್ಲ ಟೇಬಲ್‌ಗಳನ್ನೂ ಒಳಗೊಂಡ ಪಬ್ಲಿಕೇಶನ್ ರಚನೆಯಾದ ಕ್ಷಣದಿಂದ, ಪ್ರೈಮರಿ ಕೀ ಅಥವಾ ಬೇರೆ ರೆಪ್ಲಿಕಾ ಐಡೆಂಟಿಟಿ (ಪ್ರತಿಯಲ್ಲಿ ಸಾಲನ್ನು ಗುರುತಿಸುವ ಬಗೆ) ಇಲ್ಲದ ಟೇಬಲ್‌ಗಳಲ್ಲಿ ಅಪ್‌ಡೇಟ್ ಮತ್ತು ಡಿಲೀಟ್‌ಗಳು ಪ್ರೈಮರಿಯಲ್ಲೇ ವಿಫಲವಾಗುತ್ತವೆ. ರೆಪ್ಲಿಕಾ ಸಿದ್ಧಪಡಿಸಲು ಹೋಗಿ ನಡೆಯುತ್ತಿದ್ದ ಅಪ್ಲಿಕೇಶನ್ನೇ ನಿಂತುಹೋದೀತು. ಅಂಥ ಟೇಬಲ್‌ಗಳ ಹೆಸರುಗಳನ್ನು ಮೊದಲೇ ಪಟ್ಟಿ ಮಾಡಿ ತೋರಿಸಿ.

ಉತ್ತರ 2: ಕಾವೇರಿತೀರ

ಬಯಲುಸೀಮೆಯವರ ಮಾತಿಗೆ ಸಣ್ಣದೊಂದು ತಿದ್ದುಪಡಿ: ಎಲ್ಲ ತಪ್ಪುಗಳನ್ನೂ ಒಟ್ಟುಗೂಡಿಸಲಾಗದು. ಸ್ಟ್ಯಾಂಡ್‌ಬೈಯ ಡೇಟಾ ಡೈರೆಕ್ಟರಿಯಲ್ಲಿರುವ ಸಿಸ್ಟಂ ಐಡೆಂಟಿಫೈಯರ್ (ಪ್ರೈಮರಿಗೂ ಅದರ ಪ್ರತಿಗಳಿಗೂ ಒಂದೇ ಆಗಿರುವ ಗುರುತು ಸಂಖ್ಯೆ) ಪ್ರೈಮರಿಯದಕ್ಕೆ ಹೊಂದದಿದ್ದರೆ ಬಳಕೆದಾರರು ತಪ್ಪು ಡೈರೆಕ್ಟರಿಯನ್ನೇ ಕೊಟ್ಟಿದ್ದಾರೆ ಎಂದರ್ಥ, ಆಗ ಮುಂದಿನ ಪರಿಶೀಲನೆಗಳೆಲ್ಲ ಅರ್ಥಹೀನ. ಅಲ್ಲಿಯೇ ನಿಲ್ಲಬೇಕು. ಆವೃತ್ತಿ ಬೇರೆಯಾಗಿದ್ದರೂ, ‘ಪ್ರೈಮರಿ’ ಎಂದು ಕೊಟ್ಟ ಸರ್ವರ್ ತಾನೇ ರಿಕವರಿಯಲ್ಲಿದ್ದರೂ (ಅಂದರೆ ಅದೂ ಸ್ಟ್ಯಾಂಡ್‌ಬೈ ಆಗಿದ್ದರೂ) ಹಾಗೆಯೇ.

ಆಯ್ಕೆಗಳ ಬಗ್ಗೆ: ಕ್ರಮದ ಪ್ರಕಾರ ಹೊಂದಿಸುವ ಪದ್ಧತಿಯನ್ನು ಮೂಲ ಸಾಧನವೂ ಬಳಸುತ್ತದೆ, ಮತ್ತು ಸಂಖ್ಯೆಗಳು ಹೊಂದದಿದ್ದರೆ ದೋಷ ಕೊಡುತ್ತದೆ. ಆದರೆ ಸಂಖ್ಯೆ ಸರಿಯಿದ್ದು ಕ್ರಮ ತಪ್ಪಿದಾಗ ಅದನ್ನು ಹಿಡಿಯುವ ಬಗೆ ಯಾವುದೂ ಇಲ್ಲ. ಆದ್ದರಿಂದ ಹೆಸರುಗಳನ್ನು ಸಾಧನವೇ ರಚಿಸುವುದನ್ನು ಡೀಫಾಲ್ಟ್ ಮಾಡಿ. ಬಳಕೆದಾರರೇ ಹೆಸರು ಕೊಟ್ಟರೆ, ಯಾವ ಡೇಟಾಬೇಸಿಗೆ ಯಾವ ಸ್ಲಾಟ್ ಎಂಬ ಜೋಡಿಯನ್ನು ಕೆಲಸ ಆರಂಭವಾಗುವ ಮುನ್ನ ಮುದ್ರಿಸಿ. ಒಂದೇ ಡೇಟಾಬೇಸ್ ಎರಡು ಬಾರಿ ಬಂದರೆ ಅದು ದೋಷವೇ ಸರಿ, ಸುಮ್ಮನೆ ಒಂದನ್ನು ಕೈಬಿಡಬೇಡಿ. ಸರ್ವರ್‌ನ ಪ್ರತಿ ತೆಗೆಯುವ ಪಿಜಿ ಬೇಸ್‌ಬ್ಯಾಕಪ್‌ನಲ್ಲಿ ಸ್ಲಾಟ್ ರಚಿಸು ಎಂದು ಹೇಳಿ ಅದರ ಹೆಸರನ್ನು ಕೊಡದಿದ್ದರೆ ಅದು ಮುಂದುವರಿಯಲು ಒಪ್ಪುವುದಿಲ್ಲ. ಆ ಬಿಗಿ ನಿಮ್ಮಲ್ಲಿಯೂ ಇರಲಿ.

ಕಮಾಂಡ್ ಲೈನ್ ಆಯ್ಕೆಗಳನ್ನು ಓದುವ ಗೆಟ್‌ಆಪ್ಟ್ ಲಾಂಗ್ ಫಂಕ್ಷನ್ ಬಳಸುತ್ತಿದ್ದರೆ ಒಂದು ಎಚ್ಚರಿಕೆ. ಉದ್ದದ ಆಯ್ಕೆಯ ಮೊದಲ ಕೆಲವು ಅಕ್ಷರಗಳನ್ನಷ್ಟೇ ಬರೆದರೂ, ಅದು ಬೇರೆ ಆಯ್ಕೆಯೊಡನೆ ಗೊಂದಲವಾಗದಿದ್ದರೆ, ಗ್ನೂ ಲೈಬ್ರರಿ ಒಪ್ಪಿಕೊಳ್ಳುತ್ತದೆ. ಮುಂದೆ ನೀವು ಅದೇ ಅಕ್ಷರಗಳಿಂದ ಶುರುವಾಗುವ ಹೊಸ ಆಯ್ಕೆ ಸೇರಿಸಿದ ದಿನ, ಹಾಗೆ ಮೊಟಕುಗೊಳಿಸಿ ಬರೆದಿದ್ದ ಹಳೆಯ ಸ್ಕ್ರಿಪ್ಟ್‌ಗಳು ಮುರಿಯುತ್ತವೆ. ಪಾಸ್‌ವರ್ಡಿಗೆ ಆಯ್ಕೆಯನ್ನೇ ಇಡಬೇಡಿ. ಪ್ರಕ್ರಿಯೆಗಳ ಪಟ್ಟಿಯಲ್ಲಿ ಅದು ಎಲ್ಲರಿಗೂ ಕಾಣುತ್ತದೆ. ಪಾಸ್‌ವರ್ಡ್ ಇಡುವ ಪಿಜಿಪಾಸ್ ಕಡತವನ್ನು ಪೋಸ್ಟ್‌ಗ್ರೆಸ್‌ನ ಸಂಪರ್ಕ ಲೈಬ್ರರಿ ಲಿಬ್‌ಪಿಕ್ಯೂ ತಾನಾಗಿಯೇ ಓದುತ್ತದೆ, ಅದರ ಅನುಮತಿ 0600 (ಮಾಲೀಕರಿಗೆ ಮಾತ್ರ) ಇರಬೇಕು ಅಷ್ಟೆ.

ಇನ್ನು ನನ್ನ ಅನುಭವದ ಒಂದು ಮಾತು. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಇಂಥದೇ ಸಾಧನವನ್ನು ನಾನೇ ಬರೆದಿದ್ದೆ. ಅದು ಸ್ಲಾಟ್‌ಗಳನ್ನು ರಚಿಸಿದ ಮೇಲೆ ಸ್ಟ್ಯಾಂಡ್‌ಬೈ ಆರಂಭವಾಗದೆ ವಿಫಲವಾಯಿತು. ದೋಷ ಸಂದೇಶ ಓದಿ ನಾಳೆ ನೋಡೋಣವೆಂದು ಮನೆಗೆ ಹೋದೆವು. ಯಾರೂ ಓದದ ಆ ಸ್ಲಾಟ್‌ಗಳು ವಾಲ್ ಕಡತಗಳನ್ನು ಹಿಡಿದಿಟ್ಟುಕೊಂಡು, ಬೆಳಗಿನ ಹೊತ್ತಿಗೆ ಡಿಸ್ಕ್ ತುಂಬಿ ಪ್ರೈಮರಿ ನಿಂತಿತ್ತು. ಸ್ಲಾಟ್ ಹಿಡಿದಿಡುವ ವಾಲ್‌ಗೆ ಮಿತಿ ಹಾಕುವ ಸೆಟ್ಟಿಂಗ್ 13ನೇ ಆವೃತ್ತಿಯಲ್ಲಿ ಬಂದರೂ ಅದರ ಡೀಫಾಲ್ಟ್ ಮೌಲ್ಯ ಮೈನಸ್ 1, ಅಂದರೆ ಮಿತಿಯಿಲ್ಲ. ಆದ್ದರಿಂದ ಪ್ರಮೋಟ್ ಆಗುವ ಮುನ್ನ ಯಾವ ಹಂತದಲ್ಲಿ ಸೋತರೂ ತಾನು ರಚಿಸಿದ ಸ್ಲಾಟ್ ಮತ್ತು ಪಬ್ಲಿಕೇಶನ್‌ಗಳನ್ನು ಸಾಧನವೇ ಅಳಿಸಬೇಕು. ಅಳಿಸಲಾಗದಿದ್ದರೆ ಅವುಗಳ ಹೆಸರನ್ನು ಹೇಳಿ, ಕೈಯಾರೆ ಅಳಿಸಿ ಎಂದು ಸ್ಪಷ್ಟವಾಗಿ ತಿಳಿಸಬೇಕು. ಪ್ರಮೋಟ್ ಆದ ಮೇಲೆ ಸೋತರೆ ಆ ಡೈರೆಕ್ಟರಿಯನ್ನು ಮತ್ತೆ ಸ್ಟ್ಯಾಂಡ್‌ಬೈ ಆಗಿ ಬಳಸಲಾಗದು, ಹೊಸದನ್ನೇ ಕಟ್ಟಬೇಕು. ಈ ಎರಡು ಸ್ಥಿತಿಗಳಿಗೆ ಬೇರೆ ಬೇರೆ ನಿರ್ಗಮನ ಸಂಖ್ಯೆ ಕೊಡಿ.

ಹೊಸಬೆಳಕು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ರೆಪ್ಲಿಕಾ ಐಡೆಂಟಿಟಿಯ ವಿಷಯ ನನ್ನ ಗಮನಕ್ಕೇ ಬಂದಿರಲಿಲ್ಲ. ಒಂದು ಸಂದೇಹ ಉಳಿದಿದೆ: ಡ್ರೈ ರನ್ (ಏನನ್ನೂ ಬದಲಿಸದೆ ನಡೆಸಿ ನೋಡುವ) ಆಯ್ಕೆಗಾಗಿ ಪರಿಶೀಲನೆಗಳ ಪ್ರತ್ಯೇಕ ಸ್ಕ್ರಿಪ್ಟ್ ಬರೆಯಲು ಹೊರಟಿದ್ದೆ. ಅದು ಸರಿಯಾದೀತೇ?

ಉತ್ತರ 3: ಬಯಲುಸೀಮೆ

ಬೇಡ. ಎರಡು ಕಡೆ ಬರೆದ ಪರಿಶೀಲನೆಗಳು ಕೆಲವೇ ತಿಂಗಳಲ್ಲಿ ಬೇರೆ ಬೇರೆ ದಾರಿ ಹಿಡಿಯುತ್ತವೆ, ಆಮೇಲೆ ಡ್ರೈ ರನ್ ಸರಿಯೆಂದದ್ದು ನಿಜವಾದ ಓಟದಲ್ಲಿ ಕೆಡುತ್ತದೆ. ಒಂದೇ ಕೋಡ್ ನಡೆಯಲಿ. ಬದಲಾವಣೆ ಮಾಡುವ ಪ್ರತಿ ಹೆಜ್ಜೆಯಲ್ಲಿ ಮಾತ್ರ ಡ್ರೈ ರನ್ ಆಗಿದ್ದರೆ ಮಾಡಬೇಕಾದದ್ದನ್ನು ಮುದ್ರಿಸಿ ಮುಂದೆ ಹೋಗಲಿ. ಡ್ರೈ ರನ್ ಆದ ಮೇಲೆ ಯಾರಾದರೂ ಇನ್ನೊಂದು ಸ್ಲಾಟ್ ರಚಿಸಿರಬಹುದು, ಆದ್ದರಿಂದ ನಿಜವಾದ ಓಟದಲ್ಲೂ ಪರಿಶೀಲನೆ ಮೊದಲಿನಿಂದ ನಡೆಯಲೇಬೇಕು. ಅದನ್ನು ಬಿಟ್ಟುಬಿಡುವ ಆಯ್ಕೆಯನ್ನು ಯಾರು ಕೇಳಿದರೂ ಕೊಡಬೇಡಿ.

ಹೊಸಬೆಳಕು

ಹಾಗೆಯೇ ತಿದ್ದಿ ಇಂದು ನಡೆಸಿ ನೋಡಿದೆ. ಸ್ಟ್ಯಾಂಡ್‌ಬೈಯಲ್ಲಿ ವರ್ಕರ್‌ಗಳ ಮಿತಿ 4, ಪ್ರೈಮರಿಯಲ್ಲಿ ವಾಲ್ ಲೆವೆಲ್ ಇನ್ನೂ ‘ರೆಪ್ಲಿಕಾ’, ಕಡತದಲ್ಲಿ ಬೇಕಾದ ‘ಲಾಜಿಕಲ್’ ಎಂದು ತಿದ್ದಿದ್ದರೂ ರೀಸ್ಟಾರ್ಟ್ ಬಾಕಿ. ಪ್ರೈಮರಿ ಕೀ ಇಲ್ಲದ ಎರಡು ಟೇಬಲ್‌ಗಳೂ ಸಿಕ್ಕವು. ಅವಕ್ಕೆ ಕೀ ಸೇರಿಸಿದ ಮೇಲೆ ಎಲ್ಲಕ್ಕೂ ಸೇರಿಸಿ ಒಂದೇ ರೀಸ್ಟಾರ್ಟಿಗೆ ಭಾನುವಾರ ಸಮಯ ಕೇಳಿದ್ದೇನೆ.