ಮೊದಲ ಕೆಲಸ, ಕೈಗೆ 22 ಸಾವಿರ: ಚೀಟಿ ಹಾಕಲಾ, ಪಾಲಿಸಿ ಮಾಡಿಸಲಾ?

ಕೇಳಿದವರು: ದಾವಣಗೆರೆ, ಲ್ಯಾಬ್ ಟೆಕ್ನಿಷಿಯನ್

ನನಗೆ 25 ವರ್ಷ. ಒಂದು ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಐದು ತಿಂಗಳಾಯಿತು. ಪಿ.ಎಫ್. ಹಿಡಿದು 22 ಸಾವಿರ ಕೈಗೆ ಬರುತ್ತದೆ. ಮನೆಗೆ ಕೊಟ್ಟು ಆರು ಸಾವಿರ ಉಳಿಸಬಹುದು. ಅವ್ವ ಓಣಿಯ ಚೀಟಿಗೆ ಹಾಕು ಅಂತಾಳೆ. ಸೋದರಮಾವ ಪಾಲಿಸಿ ಮಾಡಿಸು ಅಂತಾನೆ. ಮೊನ್ನೆ ಕ್ರೆಡಿಟ್ ಕಾರ್ಡ್ ಕೊಡ್ತೀವಿ ಅಂತ ಫೋನ್ ಬಂತು. ಯಾವುದರಿಂದ ಶುರು ಮಾಡಲಿ? ಅನುಭವ ಇದ್ದವರು ಹೇಳಿ.

ನಿಟ್ಟುವಳ್ಳಿ, ಟೈಲರಿಂಗ್ ಅಂಗಡಿ

ತಂಗಿ, ಚೀಟಿ ವಿಷಯ ನಾನು ಹೇಳ್ತೀನಿ. ಹನ್ನೊಂದು ವರ್ಷ ಕಟ್ಟಿದ್ದೇನೆ. ಚೀಟಿ ಕೆಟ್ಟದ್ದು ಅಂತ ಹೇಳಲ್ಲ. ನನ್ನ ಎರಡು ಹೊಲಿಗೆ ಮಷಿನ್ ಬಂದಿದ್ದು ಚೀಟಿ ದುಡ್ಡಲ್ಲೇ. ಆಗ ನನಗೆ ಯಾವ ಬ್ಯಾಂಕ್ ಸಾಲ ಕೊಡುತ್ತಿತ್ತು?

ನಮ್ಮದು 20 ಜನರ ಚೀಟಿ. ತಿಂಗಳಿಗೆ 5 ಸಾವಿರ, ಒಟ್ಟು ಒಂದು ಲಕ್ಷ. ತುರ್ತು ಇದ್ದವರು ಇಷ್ಟು ಬಿಡ್ತೀನಿ ಅಂತ ಕೂಗಿ ಆ ತಿಂಗಳ ದುಡ್ಡು ಎತ್ತುತ್ತಿದ್ದರು. ಬಿಟ್ಟ ದುಡ್ಡು ಉಳಿದವರಿಗೆ ಹಂಚಿಕೆ. ಹಾಗಾಗಿ ಕೊನೆಗೆ ಎತ್ತಿದವರಿಗೆ ಲಾಭ ಜಾಸ್ತಿ. ನಾನೂ ಲಾಭ ನೋಡಿ ಕಾದೆ. ಅಷ್ಟು ತಿಂಗಳು ನನ್ನ ದುಡ್ಡು ಯಾರ ಕೈಲಿದೆ ಅಂತ ಯೋಚನೆ ಮಾಡಲಿಲ್ಲ. 17ನೇ ತಿಂಗಳು ನಡೆಸುವವರು "ದುಗ್ಗಮ್ಮನ ಜಾತ್ರೆ ಮುಗೀಲಿ, ಕೊಡ್ತೀನಿ" ಅಂದರು. ಜಾತ್ರೆ ಮುಗಿಯಿತು. ಅವರ ಮನೆಗೆ ಬೀಗ ಬಿದ್ದಿತ್ತು. ಮೊದಲೇ ಎತ್ತಿದವರಲ್ಲಿ ನಾಲ್ಕು ಜನ ಕಂತು ನಿಲ್ಲಿಸಿದ್ದರು ಅಂತ ಆಮೇಲೆ ಗೊತ್ತಾಯಿತು. ನನ್ನ ಹತ್ತಿರ ಇದ್ದದ್ದು ಒಂದು ನೋಟ್ ಬುಕ್ಕು. ಅದರಲ್ಲಿ ಅವರ ಸಹಿ ಕೂಡ ಇರಲಿಲ್ಲ.

ದೂರು ಕೊಡಲು ಹೋದಾಗಲೇ ನನಗೆ ಕಾನೂನು ತಿಳಿದದ್ದು. 1982ರ ಚಿಟ್ ಫಂಡ್ ಕಾಯ್ದೆ ಪ್ರಕಾರ ಚೀಟಿ ನೋಂದಣಿ ಆಗಬೇಕು. ನಡೆಸುವವರು ಚೀಟಿ ಮೊತ್ತದಷ್ಟು ಭದ್ರತೆಯನ್ನು ಮೊದಲೇ ಇಡಬೇಕು. ಅವರ ಕಮಿಷನ್ ಶೇ 7 ದಾಟುವಂತಿಲ್ಲ. ಓಣಿ ಚೀಟಿಗೆ ಇದ್ಯಾವುದೂ ಇರಲ್ಲ, ಇರುವುದು ಮುಖದ ಪರಿಚಯ ಅಷ್ಟೇ.

ಇನ್ನೊಂದು ಮಾತು. ಸೊಸೈಟಿಯಲ್ಲಿ ಅರ್ಧ ಪರ್ಸೆಂಟ್ ಬಡ್ಡಿ ಜಾಸ್ತಿ ಅಂತ ಎಲ್ಲವನ್ನೂ ಅಲ್ಲಿಡಬೇಡ. ಬ್ಯಾಂಕ್ ಮುಳುಗಿದರೆ ಅಸಲು, ಬಡ್ಡಿ ಸೇರಿ ಒಬ್ಬರಿಗೆ 5 ಲಕ್ಷದವರೆಗೆ ವಿಮೆ ಇದೆ. 2020ರ ಫೆಬ್ರವರಿಗೆ ಮುಂಚೆ ಅದು ಒಂದೇ ಲಕ್ಷ ಇತ್ತು. ಸಹಕಾರಿ ಬ್ಯಾಂಕಿಗೂ ಇದು ಅನ್ವಯ. ಸೊಸೈಟಿಗೆ, ಅಂದರೆ ಪತ್ತಿನ ಸಹಕಾರ ಸಂಘಕ್ಕೆ ಇಲ್ಲ. ಬೋರ್ಡ್ ಸರಿಯಾಗಿ ಓದು.

ವಿದ್ಯಾನಗರ, ಮೊಬೈಲ್ ರಿಪೇರಿ ಅಂಗಡಿ

ಅಕ್ಕ ಹೇಳಿದ್ದು ನಿಜ. ನನ್ನದು ಇನ್ನೊಂದು ಥರದ ನಷ್ಟ. 2019ರಲ್ಲಿ ಇಂಡೆಕ್ಸ್ ಫಂಡಿಗೆ (ಷೇರು ಸೂಚ್ಯಂಕದಲ್ಲಿರುವ ಕಂಪನಿಗಳಲ್ಲೇ ದುಡ್ಡು ಹಾಕುವ ಮ್ಯೂಚುವಲ್ ಫಂಡ್) ತಿಂಗಳಿಗೆ 2 ಸಾವಿರ ಎಸ್‌ಐಪಿ ಶುರು ಮಾಡಿದ್ದೆ. 2020ರ ಮಾರ್ಚ್ 23ರಂದು ಷೇರುಪೇಟೆಯ ಸೂಚ್ಯಂಕ ನಿಫ್ಟಿ ಒಂದೇ ದಿನ ಸುಮಾರು ಶೇ 13 ಬಿತ್ತು. ಅದೇ ವಾರ ಲಾಕ್‌ಡೌನ್, ಅಂಗಡಿ ಬಂದ್. ಬಾಡಿಗೆ ಕಟ್ಟಲು ಬೇರೆ ದುಡ್ಡಿರಲಿಲ್ಲ. ಎಲ್ಲವನ್ನೂ ನಷ್ಟದಲ್ಲೇ ತೆಗೆದೆ. ನವೆಂಬರ್ ಹೊತ್ತಿಗೆ ನಿಫ್ಟಿ ಹಳೇ ಎತ್ತರ ದಾಟಿತ್ತು.

ಫಂಡ್ ಕೆಟ್ಟದಿರಲಿಲ್ಲ. ಮೂರು ತಿಂಗಳ ಖರ್ಚು ಬ್ಯಾಂಕಿನಲ್ಲಿ ಬೇರೆ ಇಟ್ಟಿದ್ದರೆ ಅದನ್ನು ಮುಟ್ಟಬೇಕಿರಲಿಲ್ಲ. ನಿಮ್ಮ ಆರು ಸಾವಿರ ಮೊದಲು ಅಲ್ಲಿಗೆ ಹೋಗಲಿ. ತಿಂಗಳು ತಿಂಗಳು ಕಟ್ಟುವ ಬ್ಯಾಂಕ್ ಠೇವಣಿ, ಆರ್.ಡಿ. ಸಾಕು. ಆಮೇಲೆ ಏಳೆಂಟು ವರ್ಷ ಬೇಡದ ದುಡ್ಡನ್ನು ಮಾತ್ರ ಫಂಡಿಗೆ ಹಾಕಿ. ಹಾಕುವಾಗ ಡೈರೆಕ್ಟ್ ಪ್ಲಾನ್ ಆರಿಸಿ, ಅದರಲ್ಲಿ ಏಜೆಂಟ್ ಕಮಿಷನ್ ಇರಲ್ಲ.

ಮಂಡಿಪೇಟೆ, ಬಟ್ಟೆ ವ್ಯಾಪಾರ

ಕಾರ್ಡ್ ಬಗ್ಗೆ ನಾನು ಬರೆಯುತ್ತೇನೆ. ಶ್ರಾವಣದ ಒಂದು ಶನಿವಾರ ಅಂಗಡಿ ತುಂಬ ಗಿರಾಕಿ. ಆಗ ಫೋನ್ ಬಂತು. "ಕಾರ್ಡಿನ ಪಾಯಿಂಟ್ ಇವತ್ತೇ ಮುಗಿಯುತ್ತೆ ಸರ್" ಅಂತ ಒಂದು ಆಪ್ ಹಾಕಿಸಿದರು. ಓಟಿಪಿ ನಾನು ಬಾಯಿಬಿಟ್ಟು ಹೇಳಲೇ ಇಲ್ಲ. ಆ ಆಪ್‌ನಿಂದ ನನ್ನ ಮೊಬೈಲ್ ಪರದೆ ಅವರಿಗೆ ಕಾಣುತ್ತಿತ್ತು. 48 ಸಾವಿರ ಹೋಯಿತು.

ಮಗಳು ಪಕ್ಕದಲ್ಲಿದ್ದಳು. ತಕ್ಷಣ ಕಾರ್ಡ್ ಬ್ಲಾಕ್ ಮಾಡಿಸಿ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿದಳು. ದುಡ್ಡು ಹೋದ ಖಾತೆಯಲ್ಲೇ ಅದನ್ನು ತಡೆಯಲು ಅವರು ನೋಡುತ್ತಾರೆ. ಅಲ್ಲಿಂದ ಇನ್ನೊಂದು ಖಾತೆಗೆ ಹಾರಿತೋ, ಹಿಡಿಯುವುದು ಕಷ್ಟ. ಅರ್ಧ ಗಂಟೆಯೊಳಗೆ ಹೇಳಿದ್ದಕ್ಕೆ 31 ಸಾವಿರ ವಾಪಸ್ ಬಂತು. ಉಳಿದದ್ದು ಬರಲಿಲ್ಲ. ನಮ್ಮ ತಪ್ಪೇನೂ ಇಲ್ಲದೆ ಹೊರಗಿನವರು ಕದ್ದಾಗ ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ನಮ್ಮ ಮೇಲೆ ಬರಬಾರದು ಅಂತ ರಿಸರ್ವ್ ಬ್ಯಾಂಕ್ 2017ರಲ್ಲಿ ಹೇಳಿದೆ. ನಾವೇ ಗುಟ್ಟು ಬಿಟ್ಟುಕೊಟ್ಟರೆ, ತಿಳಿಸುವ ತನಕ ಹೋದದ್ದು ನಮ್ಮದೇ.

ಈಗ ನನ್ನ ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಬಂದ್. ಆನ್‌ಲೈನ್ ಬೇಕಾದಾಗ ಮಾತ್ರ ತೆರೆಯುತ್ತೇನೆ. ಬ್ಯಾಂಕಿನ ಆಪ್‌ನಲ್ಲೇ ಆ ಗುಂಡಿಗಳಿವೆ. ಮತ್ತೆ, ದುಡ್ಡು ನಮಗೆ ಬರಲು ಯುಪಿಐ ಪಿನ್ ಬೇಕಿಲ್ಲಮ್ಮ. ಪಿನ್ ಕೇಳಿದರೆ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ.

ಕಾರ್ಡ್ ತಗೊಂಡರೆ ಪೂರ್ತಿ ಬಿಲ್ ಕಟ್ಟು. 20 ಸಾವಿರದ ಬಿಲ್ಲಿಗೆ ಕನಿಷ್ಠ ಒಂದು ಸಾವಿರ ಕಟ್ಟಿದರೆ ಸಾಕು ಅಂತಾರೆ. ಉಳಿದ 19 ಸಾವಿರಕ್ಕೆ ತಿಂಗಳಿಗೆ ಶೇ 3.5 ಅಂದರೂ ಬಡ್ಡಿ 665, ಅದರ ಮೇಲೆ ಜಿಎಸ್‌ಟಿ 120. ಮುಂದಿನ ತಿಂಗಳು ಕಟ್ಟುವ ಸಾವಿರದಲ್ಲಿ ಸಾಲಕ್ಕೆ ಇಳಿಯುವುದು ಇನ್ನೂರು ಚಿಲ್ಲರೆ ಮಾತ್ರ.

ಚಿತ್ರದುರ್ಗ, ನಿವೃತ್ತ ಶಿಕ್ಷಕ

ಮಗಳೇ, ನಿನ್ನ ನಿವೃತ್ತಿಯ ಉಳಿತಾಯ ಆಗಲೇ ಶುರುವಾಗಿದೆ. ಪಿ.ಎಫ್.ಗೆ ನಿನ್ನಿಂದ ಮೂಲ ವೇತನದ ಶೇ 12, ಆಸ್ಪತ್ರೆಯಿಂದಲೂ ಅಷ್ಟೇ. ಅವರ ಆ 12ರಲ್ಲಿ 8.33 ಪಿಂಚಣಿ ಯೋಜನೆಗೆ ಹೋಗುತ್ತದೆ. ಹತ್ತು ವರ್ಷ ಸೇವೆ ಕೂಡಿದರೆ ಪಿಂಚಣಿಗೆ ಅರ್ಹತೆ. ನನ್ನ ಮಗ ಎರಡು ಸಲ ಕೆಲಸ ಬಿಟ್ಟಾಗಲೂ ಎಲ್ಲ ತೆಗೆದ. ಒಮ್ಮೆ ಬೈಕ್, ಒಮ್ಮೆ ಮನೆಗೆ ಬಣ್ಣ. ಈಗ 38ಕ್ಕೆ ಮತ್ತೆ ಮೊದಲಿನಿಂದ ಎಣಿಸುತ್ತಿದ್ದಾನೆ. ಅದನ್ನು ನೋಡುವುದು ನನಗೆ ಕಷ್ಟ. ನೀನು ಕೆಲಸ ಬದಲಿಸಿದರೆ ಅದೇ ಯುಎಎನ್‌ಗೆ (ಕೆಲಸ ಬದಲಾದರೂ ಬದಲಾಗದ ಪಿ.ಎಫ್. ಸಂಖ್ಯೆ) ವರ್ಗಾಯಿಸು.

ಮಾವನ ಪಾಲಿಸಿ ವಿಷಯ. ಅವ್ವ ನಿನ್ನ ದುಡಿಮೆ ನಂಬಿದ್ದರೆ ವಿಮೆ ಬೇಕು. ಆದರೆ ಬರೀ ಜೀವ ವಿಮೆಯ ಟರ್ಮ್ ಪಾಲಿಸಿ ಕೇಳು. ಉಳಿತಾಯ ಬೆರೆಸಿದ್ದರಲ್ಲಿ ಕಂತು ದೊಡ್ಡದು, ರಕ್ಷಣೆ ಸಣ್ಣದು. ಸಂಕೋಚಕ್ಕೆ ಸಹಿ ಹಾಕಿಬಿಟ್ಟರೂ ದಾರಿ ಇದೆ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ವಾಪಸ್ ಮಾಡಬಹುದು. ಸದ್ಯಕ್ಕೆ ಬ್ಯಾಂಕ್ ಖಾತೆಯಿಂದಲೇ ವರ್ಷಕ್ಕೆ 436 ರೂಪಾಯಿಯ ಜೀವನ ಜ್ಯೋತಿ ಜೀವ ವಿಮೆ, 20 ರೂಪಾಯಿಯ ಸುರಕ್ಷಾ ಅಪಘಾತ ವಿಮೆ ಮಾಡಿಸು. ಎರಡರಲ್ಲೂ 2 ಲಕ್ಷ ರಕ್ಷಣೆ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೇಷ್ಟ್ರೇ, ನಿಮ್ಮದು ಓದಿ ಪಿ.ಎಫ್. ಖಾತೆ ತೆರೆದು ನೋಡಿದೆ. ನಾಮಿನಿ ಜಾಗ ಖಾಲಿ ಇತ್ತು. ಅವ್ವನ ಹೆಸರು ಹಾಕಿದೆ. ನಾಳೆ 4 ಸಾವಿರದ ಆರ್.ಡಿ. ಮಾಡಿಸ್ತೀನಿ. ಅಕ್ಕ, ಅವ್ವನಿಗೆ ಚೀಟಿ ಬೇಡ ಅಂತ ಹೇಗೆ ಹೇಳಲಿ? ಆ ಹೆಂಗಸರೆಲ್ಲ ಅವಳ ಗೆಳತಿಯರು.

ನಿಟ್ಟುವಳ್ಳಿ, ಟೈಲರಿಂಗ್ ಅಂಗಡಿ

ಬೇಡ ಅನ್ನಬೇಡವ್ವ. ಆ ಚೀಟಿ ಕೂರುವ ದಿನವೇ ಅವಳು ನಾಲ್ಕು ಜನರ ಜೊತೆ ಮಾತಾಡುವುದು. ಸಾವಿರ ರೂಪಾಯಿಯದ್ದು ಒಂದು ಕಟ್ಟಲಿ. ಪ್ರತಿ ಕಂತಿಗೂ ಸಹಿ ಹಾಕಿಸಿಕೊಳ್ಳಲಿ. ಮಧ್ಯದಲ್ಲೇ ಎತ್ತಿಕೊಳ್ಳಲು ಹೇಳು, ಕೊನೆಯವರೆಗೆ ಕಾಯುವುದು ಬೇಡ. ಎತ್ತುವ ದಿನ ರಜೆ ಹಾಕಿ ನೀನೂ ಪಕ್ಕದಲ್ಲಿ ಕೂತ್ಕೋ.