ಓದುಗರ ಸ್ಪಂದನ: ಸಾಲದ ಅರ್ಧ ಪತಿಗೆ ಕೊಡಬೇಕೇ?

ಹೊಲಿಗೆ ತರಬೇತಿ ಮುಗಿಸಿದ ಓದುಗರೊಬ್ಬರಿಗೆ ಹೊಲಿಗೆ ಯಂತ್ರಕ್ಕೆಂದು ಗುಂಪಿನ ಮೂಲಕ ಕಿರುಸಾಲ ಮಂಜೂರಾಗಿದೆ. ಅದರಲ್ಲಿ ಅರ್ಧವನ್ನು ಮನೆಯ ಹಳೆಯ ಸಾಲ ತೀರಿಸಲು ಕೊಡುವಂತೆ ಪತಿ ಕೇಳುತ್ತಿದ್ದಾರೆ. ಕೊಡಬೇಕೇ ಎಂಬುದು ಅವರ ಪ್ರಶ್ನೆಯಾಗಿತ್ತು. ಬಂದ ಪತ್ರಗಳಲ್ಲಿ ಮೊದಲನೆಯದನ್ನು ಮೊಟಕುಗೊಳಿಸಲು ನಮಗೆ ಮನಸ್ಸಾಗಲಿಲ್ಲ.

“ತಂಗೀ, ನಿಮ್ಮನ್ನು ಕೇಳುತ್ತಿದ್ದಾರೆ, ನನ್ನನ್ನು ಯಾರೂ ಕೇಳಲಿಲ್ಲ. ಸಾಲದ ಹಣ ಕೈಗೆ ಬಂದ ಸಂಜೆಯೇ, ಮುಂದಿನ ತಿಂಗಳು ಹಿಂದಿರುಗಿಸುವ ಮಾತಿನ ಮೇಲೆ, ಮೈದುನನ ವ್ಯಾಪಾರಕ್ಕೆಂದು ಅದನ್ನು ತೆಗೆದುಕೊಂಡು ಹೋದರು. ವ್ಯಾಪಾರ ನಿಂತಿತು, ಕಂತು ನಿಲ್ಲಲಿಲ್ಲ. ನಮ್ಮದು ಜಂಟಿ ಹೊಣೆಯ ಗುಂಪಾದ್ದರಿಂದ ಒಬ್ಬಳು ಕಟ್ಟದಿದ್ದರೆ ಉಳಿದವರು ಕಟ್ಟಬೇಕಿತ್ತು. ನನ್ನ ಕಂತು ತುಂಬಿದವರಲ್ಲಿ ಒಬ್ಬಳು ಮಗಳ ಶಾಲೆಯ ಶುಲ್ಕಕ್ಕೆಂದು ಕೂಡಿಟ್ಟದ್ದನ್ನೇ ಕೊಟ್ಟಿದ್ದಳೆಂದು ಆಮೇಲೆ ತಿಳಿಯಿತು. ಅವಳು ಒಂದು ಮಾತೂ ಆಡಲಿಲ್ಲ, ಆದರೆ ಮತ್ತೆಂದೂ ಸಭೆಯಲ್ಲಿ ನನ್ನ ಪಕ್ಕ ಕೂರಲಿಲ್ಲ. ಬೇರೆಯವರ ಯಂತ್ರದಲ್ಲಿ ದಿನಗೂಲಿಗೆ ಹೊಲಿದು ಬಾಕಿಯನ್ನೆಲ್ಲ ತೀರಿಸಿದೆನಾದರೂ ಸ್ವಂತ ಯಂತ್ರ ಕೊಳ್ಳುವುದು ನನ್ನಿಂದ ಆಗಲೇ ಇಲ್ಲ. ಪತಿಯ ಮೇಲೆ ಈಗ ಕೋಪವಿಲ್ಲ. ಅವರಿಗೆ ತಮ್ಮನ ಕಷ್ಟವೇ ದೊಡ್ಡದಾಗಿ ಕಂಡಿತ್ತು. ಆದರೆ ಪತ್ರಕ್ಕೆ ಸಹಿ ಹಾಕಿದವಳು ನಾನೆಂಬುದು ಆ ಮನೆಯಲ್ಲಿ ಯಾರ ನೆನಪಿಗೂ ಬರಲಿಲ್ಲ. ಆಗದು ಎನ್ನಲು ನಿಮಗಿನ್ನೂ ಅವಕಾಶವಿದೆ.”

ಬೇರೆ ದನಿಯ ಪತ್ರವೊಂದು:

“ಯಂತ್ರಕ್ಕೆಂದು ಅರ್ಜಿ ಬರೆದು ಪಡೆದ ಹಣವನ್ನು ಬೇರೆಯದಕ್ಕೆ ಬಳಸಲು ಯೋಚಿಸುವುದೇ ತಪ್ಪು. ಇದರಲ್ಲಿ ಕೇಳುವುದೇನಿದೆ?”

ಕೇಳಿದ್ದು ಒಳ್ಳೆಯದೇ ಆಯಿತೆಂದು ನಮ್ಮ ಭಾವನೆ. ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ಕೇಳದ ಪ್ರಶ್ನೆಗೂ ಉತ್ತರ ಕೊಟ್ಟಿದ್ದಾರೆ.

“ಬಡ್ಡಿಯನ್ನು ಹೇಗೆ ಲೆಕ್ಕ ಹಾಕುತ್ತಾರೆಂದು ವಿಚಾರಿಸಿದ್ದೀರಾ? ಒಂದು ವರ್ಷದ ಮಾಸಿಕ ಕಂತಿನ ಸಾಲದಲ್ಲಿ, ಪಡೆದ ಪೂರ್ತಿ ಮೊತ್ತದ ಮೇಲೆ ಕೊನೆಯವರೆಗೂ ಹಾಕುವ ಶೇ. 12ರ ಬಡ್ಡಿಯು, ಉಳಿದ ಅಸಲಿನ ಮೇಲೆ ಮಾತ್ರ ಹಾಕುವ ಸುಮಾರು ಶೇ. 21ರ ಬಡ್ಡಿಗೆ ಸಮ. ಮೊದಲ ಕಂತು ಎಂದು ಬರುತ್ತದೆ ಎಂಬುದೂ ಮುಖ್ಯ. ಕೋಲ್ಕತ್ತದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಎರಡು ವಾರದ ಬದಲು ಎರಡು ತಿಂಗಳ ನಂತರ ಕಂತು ಆರಂಭಿಸಿದ ಮಹಿಳೆಯರು ಉದ್ಯಮಕ್ಕೆ ಹೆಚ್ಚು ಹಣ ತೊಡಗಿಸಿ ಹೆಚ್ಚು ಲಾಭ ಕಂಡರು. ಸಾಲ ತೀರಿಸದೆ ಬಾಕಿ ಉಳಿಸಿಕೊಂಡವರ ಪ್ರಮಾಣವೂ ಹೆಚ್ಚಿತೆಂಬುದನ್ನು ಮರೆಯಬಾರದು. ಗಿರಾಕಿಗಳು ಕೂಡಿಬರುವ ಮೊದಲೇ ಕಂತು ಶುರುವಾದರೆ ಅದನ್ನು ಸಾಲದ ಹಣದಿಂದಲೇ ಕಟ್ಟಬೇಕಾಗುತ್ತದೆ. ಅರ್ಧ ಹಣ ಮೊದಲೇ ಹೋಗಿದ್ದರೆ ಅದೂ ಸಾಧ್ಯವಿಲ್ಲ.”

ಹೊಲಿಗೆ ವೃತ್ತಿಯಲ್ಲಿರುವವರೊಬ್ಬರ ಮಾತು ಇದು:

“ನಾನು ಪಡೆದ ತರಬೇತಿಯಲ್ಲಿ ಕತ್ತರಿಸುವುದನ್ನೂ ಹೊಲಿಯುವುದನ್ನೂ ಕಲಿಸಿದರು, ದರ ನಿಗದಿ ಮಾಡುವುದನ್ನು ಕಲಿಸಲಿಲ್ಲ. ದಾರ, ಗುಂಡಿ, ವಿದ್ಯುತ್ತಿನ ಜೊತೆಗೆ ನೀವು ಯಂತ್ರದ ಮುಂದೆ ಕೂರುವ ಗಂಟೆಗಳಿಗೂ ಬೆಲೆ ಕಟ್ಟಿರಿ. ಬಂಧುಗಳಿಗೂ ಅದೇ ದರವಿರಲಿ.”

ಹಳೆಯ ಸಾಲದ ಭಾರವನ್ನು ನಾವು ಹಗುರವಾಗಿ ಕಾಣುತ್ತಿಲ್ಲ. ಅದನ್ನು ಯಂತ್ರದ ಸಂಪಾದನೆಯಿಂದ ತೀರಿಸಬಹುದೇ ಎಂದು ದಂಪತಿಗಳು ಕೂತು ಲೆಕ್ಕ ಹಾಕಬಹುದು. ಉಗಾಂಡದಲ್ಲಿ ಸಾಲವನ್ನು ನಗದಾಗಿ ಕೊಡದೆ ಮಹಿಳೆಯರ ಸ್ವಂತ ಮೊಬೈಲ್ ಖಾತೆಗೆ ಹಾಕಿದಾಗ ಅವರ ಉದ್ಯಮದ ಲಾಭ ಹೆಚ್ಚಿತೆಂದು ಸಂಶೋಧನೆಯೊಂದು ತೋರಿಸಿದೆ. ಹಣ ನಿಮ್ಮೊಬ್ಬರದೇ ಖಾತೆಗೆ ಬರುವಂತೆ ಮಾಡಲು ಸಾಧ್ಯವೇ ಎಂದು, ಅದು ಬಿಡುಗಡೆಯಾಗುವ ಮೊದಲೇ ಗುಂಪಿನ ಸಭೆಯಲ್ಲಿ ವಿಚಾರಿಸಿ.